ಪ್ರಾಥಮಿಕ ಶಾಲಾ ಶಿಕ್ಷಕರ ನಿರಂತರ ವೃತ್ತಿ ವಿಕಾಸ: ಪ್ರಶಿಕ್ಷಣಾರ್ಥಿಗಳಿಗೆ ಮಾಹಿತಿ

ಪೀಠಿಕೆ

ಪ್ರಾಥಮಿಕ ಶಾಲಾ ಶಿಕ್ಷಕರಾಗಲು ಬಯಸುವವರು ಪದವಿಪೂರ್ವ ಶಿಕ್ಷಣದ ನಂತರ ಎರಡು ವರ್ಷಗಳ ಡಿ.ಇಎಲ್.ಇಡಿ. ವ್ಯಾಸಂಗವನ್ನು ಮಾಡುತ್ತಾರೆ. ಹಿಂದೆ ಟಿ.ಸಿ.ಹೆಚ್. ಎಂದೂ ಅನಂತರ ಡಿ.ಎಡ್. ಎಂದೂ ಕರೆಯಲಾಗುತ್ತಿದ್ದ ಶಿಕ್ಷಣದ ಈಗಿನ ರೂಪ ಇದು. ವ್ಯಾಸಂಗದ ಕೊನೆಯಲ್ಲಿ ಪ್ರಮಾಣ ಪತ್ರ ದೊರೆಯುತ್ತದೆ. ಆದರೆ ಆ ಪ್ರಮಾಣ ಪತ್ರದೊಂದಿಗೆ ತರಗತಿಗೆ ಬರುವ ಶಿಕ್ಷಕರು ಮುಂದೆ ಮೂರು ದಶಕಗಳ ಕಾಲ ಸೇವೆ ಸಲ್ಲಿಸಬೇಕಾಗಬಹುದು. ಈ ಅವಧಿಯಲ್ಲಿ ಪಠ್ಯಪುಸ್ತಕಗಳು ಹಲವು ಬಾರಿ ಪರಿಷ್ಕರಣೆಗೊಳ್ಳುತ್ತವೆ, ಬೋಧನಾ ಪದ್ಧತಿಗಳು ಬದಲಾಗುತ್ತವೆ, ಪ್ರತಿ ಜೂನ್ ತಿಂಗಳಿನಲ್ಲಿಯೂ ಹೊಸ ಮಕ್ಕಳು ಒಂದನೆಯ ತರಗತಿಗೆ ಬಂದು ಕುಳಿತುಕೊಳ್ಳುತ್ತಾರೆ. ಎರಡು ವರ್ಷಗಳಲ್ಲಿ ಕಲಿತದ್ದು ಮೂವತ್ತು ವರ್ಷಗಳಿಗೆ ಸಾಲದು ಎಂಬ ಸರಳ ಸತ್ಯವೇ ನಿರಂತರ ವೃತ್ತಿ ವಿಕಾಸದ ಆಧಾರವಾಗಿದೆ.

ಉಡುಪಿ ಜಿಲ್ಲೆಯ ಕಾಪು ತಾಲ್ಲೂಕಿನ ತರಗತಿಯೊಂದನ್ನು ಉದಾಹರಣೆಯಾಗಿ ಇಟ್ಟುಕೊಂಡು, ನಿರಂತರ ವೃತ್ತಿ ವಿಕಾಸ ಎಂದರೇನು, ಅದಕ್ಕೆ ಇರುವ ವ್ಯವಸ್ಥೆಗಳು ಯಾವುವು, ಪ್ರಶಿಕ್ಷಣಾರ್ಥಿಯು ತರಬೇತಿಯ ಅವಧಿಯಲ್ಲಿಯೇ ಅದನ್ನು ಹೇಗೆ ಆರಂಭಿಸಬಹುದು ಎಂಬ ವಿಷಯಗಳನ್ನು ಇಲ್ಲಿ ವಿವರಿಸಲಾಗಿದೆ.

ನಿರಂತರ ವೃತ್ತಿ ವಿಕಾಸ ಎಂದರೇನು?

ಶಿಕ್ಷಕರು ತಮ್ಮ ವೃತ್ತಿಜೀವನದ ಉದ್ದಕ್ಕೂ ವಿಷಯ ಜ್ಞಾನ, ಬೋಧನಾ ಕೌಶಲ ಹಾಗೂ ಮಕ್ಕಳ ಬಗೆಗಿನ ತಿಳಿವಳಿಕೆಯನ್ನು ಹೆಚ್ಚಿಸಿಕೊಳ್ಳುತ್ತ ಹೋಗುವ ಕ್ರಮವನ್ನು ನಿರಂತರ ವೃತ್ತಿ ವಿಕಾಸ ಎನ್ನಲಾಗುತ್ತದೆ. ಸಾಮಾನ್ಯವಾಗಿ ಇದನ್ನು ಇಲಾಖೆಯು ಏರ್ಪಡಿಸುವ ತರಬೇತಿ ಶಿಬಿರಗಳೊಂದಿಗೆ ಮಾತ್ರ ಗುರುತಿಸುವುದುಂಟು. ಶಿಬಿರಗಳು ಇದರ ಒಂದು ಭಾಗ ಮಾತ್ರ. ಇದಕ್ಕೆ ಮೂರು ಅಂಗಗಳಿವೆ.

1. ಇತರರಿಂದ ಕಲಿಯುವುದು: ತರಬೇತಿ ಶಿಬಿರ, ಕಾರ್ಯಾಗಾರ, ಪುಸ್ತಕಗಳು, ದೂರ ಶಿಕ್ಷಣ ಹಾಗೂ ಅಂತರ್ಜಾಲದ ಕೋರ್ಸುಗಳು.

2. ಜೊತೆಗಾರರೊಂದಿಗೆ ಕಲಿಯುವುದು: ಸಮಾಲೋಚನಾ ಸಭೆ, ಸಹೋದ್ಯೋಗಿಗಳ ಪಾಠ ವೀಕ್ಷಣೆ, ಒಟ್ಟಾಗಿ ಪಾಠ ಯೋಜನೆ ತಯಾರಿಸುವುದು.

3. ತನ್ನ ಕೆಲಸದಿಂದ ಕಲಿಯುವುದು: ತರಗತಿಯಲ್ಲಿ ನಡೆದದ್ದನ್ನು ಬರೆದಿಟ್ಟು, ಅದರ ಕಾರಣಗಳನ್ನು ಯೋಚಿಸಿ, ಮುಂದಿನ ಪಾಠವನ್ನು ಬದಲಿಸಿಕೊಳ್ಳುವುದು. ಇದನ್ನು ಅನುಚಿಂತನೆ ಎನ್ನಲಾಗುತ್ತದೆ.

ಮೊದಲ ಎರಡು ಅಂಗಗಳಿಗೆ ಇಲಾಖೆಯ ವ್ಯವಸ್ಥೆ ಬೇಕು. ಮೂರನೆಯದಕ್ಕೆ ಒಂದು ನೋಟ್ ಪುಸ್ತಕ ಮತ್ತು ಹದಿನೈದು ನಿಮಿಷಗಳ ಸಮಯ ಸಾಕು. ಆದರೆ ಮೂರನೆಯದು ಇಲ್ಲದಿದ್ದಲ್ಲಿ ಮೊದಲ ಎರಡರಿಂದ ಪಡೆದದ್ದು ತರಗತಿಯನ್ನು ತಲುಪುವುದಿಲ್ಲ.

ವ್ಯವಸ್ಥೆಯು ಬೆಳೆದು ಬಂದ ದಾರಿ

ಸೇವಾನಿರತ ಶಿಕ್ಷಕರಿಗೆ ತರಬೇತಿ ಬೇಕೆಂಬ ವಿಚಾರ ಹೊಸದಲ್ಲ. 1964-66ರ ಕೊಠಾರಿ ಆಯೋಗವು ಪ್ರತಿ ಐದು ವರ್ಷಗಳ ಸೇವೆಗೆ ಎರಡರಿಂದ ಮೂರು ತಿಂಗಳ ಸೇವಾಂತರ್ಗತ ಶಿಕ್ಷಣವನ್ನು ಶಿಕ್ಷಕರಿಗೆ ನೀಡಬೇಕೆಂದು ಶಿಫಾರಸು ಮಾಡಿತ್ತು. ಸೇವಾಪೂರ್ವ ಹಾಗೂ ಸೇವಾಂತರ್ಗತ ಶಿಕ್ಷಣಗಳು ಒಂದೇ ಸರಪಳಿಯ ಕೊಂಡಿಗಳು ಎಂಬ ನಿಲುವನ್ನು 1986ರ ರಾಷ್ಟ್ರೀಯ ಶಿಕ್ಷಣ ನೀತಿಯು ಸ್ಪಷ್ಟಪಡಿಸಿತು. ಆ ನೀತಿಯ ಫಲವಾಗಿ 1987ರಿಂದ ದೇಶದಾದ್ಯಂತ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳನ್ನು (ಡಯಟ್) ಸ್ಥಾಪಿಸುವ ಯೋಜನೆ ಜಾರಿಗೆ ಬಂತು.

1990ರ ದಶಕದಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮವು ರಾಜ್ಯದ ಆಯ್ದ ಜಿಲ್ಲೆಗಳಲ್ಲಿ ನಡೆಯಿತು. 2001ರಲ್ಲಿ ಆರಂಭವಾದ ಸರ್ವ ಶಿಕ್ಷಣ ಅಭಿಯಾನದ ಅಡಿಯಲ್ಲಿ ಕ್ಷೇತ್ರ ಸಂಪನ್ಮೂಲ ಕೇಂದ್ರ ಹಾಗೂ ಸಮೂಹ ಸಂಪನ್ಮೂಲ ಕೇಂದ್ರಗಳ ವ್ಯವಸ್ಥೆಯು ಎಲ್ಲ ಜಿಲ್ಲೆಗಳಿಗೂ ವಿಸ್ತರಿಸಿತು. ಆ ಯೋಜನೆಯ ಮಾನದಂಡಗಳಲ್ಲಿ ಪ್ರತಿ ಶಿಕ್ಷಕರಿಗೆ ವರ್ಷಕ್ಕೆ 20 ದಿನಗಳ ಸೇವಾಂತರ್ಗತ ತರಬೇತಿಗೆ ಹಾಗೂ ಹೊಸದಾಗಿ ನೇಮಕಗೊಂಡ ತರಬೇತಾದ ಶಿಕ್ಷಕರಿಗೆ 30 ದಿನಗಳ ಪರಿಚಯಾತ್ಮಕ ತರಬೇತಿಗೆ ಅವಕಾಶವಿತ್ತು. 2018ರಲ್ಲಿ ಈ ಯೋಜನೆಯು ಸಮಗ್ರ ಶಿಕ್ಷಣ ಯೋಜನೆಯಲ್ಲಿ ವಿಲೀನಗೊಂಡಿತು.

2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ, 2009ರ ಅನುಸೂಚಿಯಲ್ಲಿ ಶಿಕ್ಷಕರ ಕನಿಷ್ಠ ಕೆಲಸದ ಅವಧಿಯನ್ನು ವಾರಕ್ಕೆ 45 ಗಂಟೆಗಳೆಂದು ನಿಗದಿಪಡಿಸಲಾಗಿದೆ. ಪಾಠದ ಪೂರ್ವಸಿದ್ಧತೆಯ ಸಮಯವೂ ಇದರಲ್ಲಿ ಸೇರಿದೆ ಎಂಬುದನ್ನು ಪ್ರಶಿಕ್ಷಣಾರ್ಥಿಗಳು ಮುಖ್ಯವಾಗಿ ಗಮನಿಸಬೇಕು. ಕಾನೂನಿನ ದೃಷ್ಟಿಯಲ್ಲಿಯೂ ಸಿದ್ಧತೆಯು ಬಿಡುವಿನ ವೇಳೆಯ ಕೆಲಸವಲ್ಲ, ಅದು ಕರ್ತವ್ಯದ ಭಾಗ.

ರಾಷ್ಟ್ರೀಯ ಶಿಕ್ಷಣ ನೀತಿ 2020, ಪ್ರತಿ ಶಿಕ್ಷಕರು ತಮ್ಮ ಆಸಕ್ತಿಗೆ ಅನುಗುಣವಾಗಿ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿ ವಿಕಾಸದಲ್ಲಿ ತೊಡಗಬೇಕೆಂಬ ನಿರೀಕ್ಷೆಯನ್ನು ಮುಂದಿಟ್ಟಿತು. ಹತ್ತು ತಿಂಗಳ ಶೈಕ್ಷಣಿಕ ವರ್ಷಕ್ಕೆ ಹಂಚಿದರೆ ಇದು ತಿಂಗಳಿಗೆ ಐದು ಗಂಟೆಗಳಾಗುತ್ತದೆ. ಕರ್ನಾಟಕದಲ್ಲಿ ಪ್ರತ್ಯೇಕ ರಾಜ್ಯ ಶಿಕ್ಷಣ ನೀತಿಯನ್ನು ರೂಪಿಸಲು 2023ರಲ್ಲಿ ಪ್ರೊ. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ಆಯೋಗವನ್ನು ರಚಿಸಲಾಯಿತು. ಆಯೋಗವು 2025ರ ಆಗಸ್ಟ್‌ನಲ್ಲಿ ತನ್ನ ವರದಿಯನ್ನು ಸರ್ಕಾರಕ್ಕೆ ಸಲ್ಲಿಸಿತು.

ಕಾಪು ಪ್ರದೇಶದ ತರಗತಿ

ಕಾಪು ಅರಬ್ಬೀ ಸಮುದ್ರದ ದಡದಲ್ಲಿರುವ ಪಟ್ಟಣ. 1901ರಲ್ಲಿ ನಿರ್ಮಾಣವಾದ ಇಲ್ಲಿನ ದೀಪಸ್ತಂಭ ಹೆಸರುವಾಸಿಯಾದದ್ದು. ಹಿಂದೆ ಉಡುಪಿ ತಾಲ್ಲೂಕಿನ ಭಾಗವಾಗಿದ್ದ ಈ ಪ್ರದೇಶವು 2018ರಲ್ಲಿ ಪ್ರತ್ಯೇಕ ತಾಲ್ಲೂಕಾಯಿತು. ಪಡುಬಿದ್ರಿ, ಉಚ್ಚಿಲ, ಕಟಪಾಡಿ, ಶಿರ್ವ, ಇನ್ನಂಜೆ ಮೊದಲಾದ ಊರುಗಳು ಈ ತಾಲ್ಲೂಕಿಗೆ ಸೇರಿವೆ. ಗುಳ್ಳ ಬದನೆಗೆ ಪ್ರಸಿದ್ಧವಾದ ಮಟ್ಟು ಗ್ರಾಮವೂ ಇಲ್ಲಿಯೇ ಇದೆ. ಪಶ್ಚಿಮಕ್ಕೆ ಮೀನುಗಾರರ ಮನೆಗಳು, ಪೂರ್ವಕ್ಕೆ ಗದ್ದೆ ತೋಟಗಳು, ನಡುವೆ ರಾಷ್ಟ್ರೀಯ ಹೆದ್ದಾರಿ 66. ಮಕ್ಕಳು ಈ ಮೂರೂ ಕಡೆಗಳಿಂದ ಶಾಲೆಗೆ ಬರುತ್ತಾರೆ.

ಕರಾವಳಿಯ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗೆ ಬರುವ ಮಗುವಿನ ಮನೆಮಾತು ಅನೇಕ ವೇಳೆ ಕನ್ನಡವಲ್ಲ. ತುಳು ಇಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಭಾಷೆ. ಕೊಂಕಣಿ, ಬ್ಯಾರಿ ಹಾಗೂ ಉರ್ದು ಮನೆಮಾತಿನ ಮಕ್ಕಳೂ ಇರುತ್ತಾರೆ. ಕಟ್ಟಡ ಮೊದಲಾದ ಕೆಲಸಗಳಿಗಾಗಿ ಉತ್ತರ ಕರ್ನಾಟಕದಿಂದ ಬಂದ ಕುಟುಂಬಗಳ ಮಕ್ಕಳು ಕನ್ನಡವನ್ನೇ ಮಾತನಾಡಿದರೂ ಅದು ಪಠ್ಯಪುಸ್ತಕದ ಕನ್ನಡಕ್ಕಿಂತ ಭಿನ್ನವಾಗಿರುತ್ತದೆ. ಹೀಗಾಗಿ ಒಂದನೆಯ ತರಗತಿಯ ಮೊದಲ ವಾರದಲ್ಲಿ ಶಿಕ್ಷಕರ ಮುಂದಿರುವ ಮೊದಲ ಕೆಲಸ ಅಕ್ಷರ ಕಲಿಸುವುದಲ್ಲ, ಮಗು ಹೇಳುವುದನ್ನು ಕೇಳಿ ಅರ್ಥ ಮಾಡಿಕೊಳ್ಳುವುದು.

ಒಂದು ಉದಾಹರಣೆ

ತುಳು ತಿಳಿಯದ ಪ್ರಶಿಕ್ಷಣಾರ್ಥಿಯೊಬ್ಬರು ಕಾಪು ಪ್ರದೇಶದ ಕಿರಿಯ ಪ್ರಾಥಮಿಕ ಶಾಲೆಯೊಂದಕ್ಕೆ ಬೋಧನಾ ಅಭ್ಯಾಸಕ್ಕಾಗಿ ಬಂದಿದ್ದಾರೆ ಎಂದು ಭಾವಿಸೋಣ. ಪಾಠ "ನನ್ನ ಕುಟುಂಬ". ಅವರು ತಾಯಿಯ ಚಿತ್ರವನ್ನು ತೋರಿಸಿ "ಇವರು ಯಾರು?" ಎಂದು ಕೇಳುತ್ತಾರೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ಉತ್ಸಾಹದಿಂದ "ಅಪ್ಪೆ" ಎನ್ನುತ್ತಾಳೆ. ಪ್ರಶಿಕ್ಷಣಾರ್ಥಿಗೆ ಅದು "ಅಪ್ಪ" ಎಂದು ಕೇಳಿಸುತ್ತದೆ. "ಅಪ್ಪ ಅಲ್ಲ, ಅಮ್ಮ. ಹೇಳು, ಅಮ್ಮ" ಎಂದು ತಿದ್ದುತ್ತಾರೆ. ಹುಡುಗಿ ಚಿತ್ರವನ್ನೂ ಶಿಕ್ಷಕರನ್ನೂ ನೋಡಿ ಸುಮ್ಮನಾಗುತ್ತಾಳೆ. ಅಂದು ಅವಳು ಮತ್ತೆ ಬಾಯಿ ತೆರೆಯುವುದಿಲ್ಲ.

ತುಳುವಿನಲ್ಲಿ "ಅಪ್ಪೆ" ಎಂದರೆ ತಾಯಿ, "ಅಮ್ಮೆ" ಎಂದರೆ ತಂದೆ. ಹುಡುಗಿಯ ಉತ್ತರ ಸರಿಯಾಗಿಯೇ ಇತ್ತು. ಅವಳ ಕಿವಿಗೆ ಶಿಕ್ಷಕರು ತಾಯಿಯ ಚಿತ್ರವನ್ನು ತೋರಿಸಿ ತಂದೆಯ ಹೆಸರಿಗೆ ಹತ್ತಿರವಾದ ಪದವನ್ನು ಹೇಳಿಸಲು ಹೊರಟಂತೆ ಕೇಳಿಸಿರಬೇಕು.

ಅಂದು ಸಂಜೆ ಪ್ರಶಿಕ್ಷಣಾರ್ಥಿಯು ದಿನಚರಿಯಲ್ಲಿ "ಒಂದು ಮಗುವಿಗೆ ತಾಯಿ ತಂದೆಯರ ಚಿತ್ರವನ್ನು ಗುರುತಿಸಲು ಬರುವುದಿಲ್ಲ. ಹೆಚ್ಚಿನ ಅಭ್ಯಾಸ ಬೇಕು" ಎಂದು ಬರೆದುಕೊಂಡರೆ, ತಪ್ಪು ಮಗುವಿನ ಹೆಸರಿಗೆ ದಾಖಲಾಗುತ್ತದೆ. ಅದೇ ಬರಹವನ್ನು ಮರುದಿನ ಶಾಲೆಯ ಹಿರಿಯ ಶಿಕ್ಷಕಿಗೆ ತೋರಿಸಿದರೆ, ಅವರು ನಕ್ಕು ಆ ಪದದ ಅರ್ಥವನ್ನು ತಿಳಿಸುತ್ತಾರೆ. ಆಗ ದಿನಚರಿಯ ಎರಡನೆಯ ಬರಹ ಬೇರೆಯಾಗುತ್ತದೆ: "ಮಗು ಸರಿಯಾಗಿ ಹೇಳಿತ್ತು. ಕೇಳಿದವರಿಗೆ ತಿಳಿಯಲಿಲ್ಲ. ನಾಳೆ ಏನು ಮಾಡುವುದು?"

ಈ ಕೊನೆಯ ಪ್ರಶ್ನೆಯಿಂದ ವೃತ್ತಿ ವಿಕಾಸ ಆರಂಭವಾಗುತ್ತದೆ. ಮರುದಿನ ಪ್ರಶಿಕ್ಷಣಾರ್ಥಿಯು ಅದೇ ಚಿತ್ರವನ್ನು ಕಪ್ಪು ಹಲಗೆಯ ಮೇಲೆ ಅಂಟಿಸಿ, "ನಿಮ್ಮ ನಿಮ್ಮ ಮನೆಯಲ್ಲಿ ಇವರನ್ನು ಏನೆಂದು ಕರೆಯುತ್ತೀರಿ?" ಎಂದು ಕೇಳಬಹುದು. ತುಳುವಿನ ಅಪ್ಪೆ, ಬ್ಯಾರಿಯ ಉಮ್ಮ, ಉರ್ದುವಿನ ಅಮ್ಮಿ, ಕೊಂಕಣಿಯ ಆವಯ್, ಉತ್ತರ ಕರ್ನಾಟಕದ ಅವ್ವ, ಪುಸ್ತಕದ ಅಮ್ಮ ಎಲ್ಲವೂ ಒಂದೇ ಚಿತ್ರದ ಸುತ್ತ ಬರುತ್ತವೆ. ಹಿಂದಿನ ದಿನ ಸುಮ್ಮನಾದ ಹುಡುಗಿಗೆ ತನ್ನ ಪದವನ್ನು ಶಿಕ್ಷಕರು ಹಲಗೆಯ ಮೇಲೆ ಬರೆದದ್ದು ಕಾಣುತ್ತದೆ. "ಶಾಲೆಯಲ್ಲಿ, ಪುಸ್ತಕದಲ್ಲಿ ನಾವು ಅಮ್ಮ ಎಂದು ಓದುತ್ತೇವೆ" ಎಂಬ ಮಾತು ಆಗ ಆಕೆಗೆ ತಿದ್ದುಪಡಿಯಾಗಿ ಅಲ್ಲ, ಹೊಸ ಪದವಾಗಿ ದೊರೆಯುತ್ತದೆ.

ಒಂದು ಉತ್ತರ ಮುಂದಿನ ಪ್ರಶ್ನೆಗೆ ದಾರಿ

ಇಷ್ಟಕ್ಕೆ ನಿಂತರೆ ಇದು ಒಂದು ದಿನದ ಅನುಭವವಾಗಿ ಉಳಿಯುತ್ತದೆ. ಕುತೂಹಲವುಳ್ಳ ಪ್ರಶಿಕ್ಷಣಾರ್ಥಿಯು ಮಕ್ಕಳಿಂದಲೇ ಇನ್ನಷ್ಟು ಪದಗಳನ್ನು ಕೇಳಿ ಪಟ್ಟಿ ಮಾಡುತ್ತಾರೆ. ಕನ್ನಡದ ಹೂವು ತುಳುವಿನಲ್ಲಿ ಪೂ, ಹುಲಿ ಎಂಬುದು ಪಿಲಿ, ಹಂದಿ ಎಂಬುದು ಪಂಜಿ, ಹುಳಿ ಎಂಬುದು ಪುಳಿ. ಕನ್ನಡದಲ್ಲಿ ಹಕಾರದಿಂದ ಆರಂಭವಾಗುವ ಹಲವು ಪದಗಳು ತುಳುವಿನಲ್ಲಿ ಪಕಾರದಿಂದ ಆರಂಭವಾಗುತ್ತವೆ. ಹಳಗನ್ನಡದಲ್ಲಿಯೂ ಇಂತಹ ಪದಗಳು ಪಕಾರದಿಂದಲೇ ಇದ್ದವು ಎಂಬುದನ್ನು ಡಿ.ಇಎಲ್.ಇಡಿ. ವಿದ್ಯಾರ್ಥಿಯು ಓದಿರಬಹುದು. ಪುಸ್ತಕದಲ್ಲಿ ಓದಿದ್ದು ಈಗ ತರಗತಿಯ ಎದುರಿಗೆ ಬಂದು ನಿಂತಿರುತ್ತದೆ.

ಈ ಉತ್ಸಾಹದಲ್ಲಿ "ಹಾಗಾದರೆ ಹಾಲಿಗೆ ಪಾಲು ಎನ್ನುತ್ತೀರಾ?" ಎಂದು ಕೇಳಿದರೆ ಮಕ್ಕಳು ಗೊಳ್ಳೆಂದು ನಗುತ್ತಾರೆ. ತುಳುವಿನಲ್ಲಿ ಹಾಲಿಗೆ ಪೇರ್ ಎನ್ನುತ್ತಾರೆ. ಪಾಲ್ ಎಂದರೆ ಭಾಗ. ನಿಯಮವು ಎಲ್ಲ ಕಡೆಯೂ ಅನ್ವಯವಾಗುವುದಿಲ್ಲ ಎಂಬುದನ್ನು ಶಿಕ್ಷಕರಿಗೆ ಒಂದನೆಯ ತರಗತಿಯ ಮಕ್ಕಳು ಕಲಿಸಿದಂತಾಗುತ್ತದೆ. ಅದೇ ರೀತಿ ತುಳುವಿನ "ಇಲ್ಲ್" ಎಂದರೆ ಮನೆ, ಕನ್ನಡದ "ಇಲ್ಲ" ಎಂಬುದಕ್ಕೆ ತುಳುವಿನಲ್ಲಿ "ಇಜ್ಜಿ" ಎನ್ನುತ್ತಾರೆ. ಇಂತಹ ಹತ್ತು ಪದಗಳ ಪಟ್ಟಿಯು ಕಾಪುವಿನ ಒಂದನೆಯ ತರಗತಿಗೆ ಬರುವ ಮುಂದಿನ ಹೊಸ ಶಿಕ್ಷಕರಿಗೆ ಬೆಲೆಯುಳ್ಳ ಬೋಧನೋಪಕರಣವಾಗುತ್ತದೆ.

ತುಳು ಬಲ್ಲ ಸ್ಥಳೀಯ ಪ್ರಶಿಕ್ಷಣಾರ್ಥಿಗೆ ಈ ಸಮಸ್ಯೆ ಬಾರದು ಎಂದು ತಿಳಿಯಬಾರದು. ಅವರು ತುಳು ಮಕ್ಕಳೊಂದಿಗೆ ತುಳುವಿನಲ್ಲಿಯೇ ಮಾತನಾಡುತ್ತ ಹೋದಾಗ, ಬಾಗಲಕೋಟೆ ಅಥವಾ ಕೊಪ್ಪಳದ ಕಡೆಯಿಂದ ಬಂದ ಮಗು ಕನ್ನಡ ಶಾಲೆಯಲ್ಲಿಯೇ ಪರಕೀಯವಾಗಬಹುದು. ಅವರ ದಿನಚರಿಯ ಪ್ರಶ್ನೆ ಬೇರೆ, ಆದರೆ ಬರೆದು ಯೋಚಿಸುವ ಕ್ರಮ ಒಂದೇ.

ಅನುಚಿಂತನ ದಿನಚರಿಯನ್ನು ಬರೆಯುವ ಕ್ರಮ

ದಿನಚರಿಯನ್ನು ಮೇಲ್ವಿಚಾರಕರ ಸಹಿಗಾಗಿ ಮಾತ್ರ ಬರೆದಾಗ ಅದರಲ್ಲಿ "ಪಾಠ ಚೆನ್ನಾಗಿ ನಡೆಯಿತು, ಮಕ್ಕಳು ಆಸಕ್ತಿಯಿಂದ ಭಾಗವಹಿಸಿದರು" ಎಂಬ ವಾಕ್ಯವೇ ಪ್ರತಿದಿನ ಕಾಣಿಸಿಕೊಳ್ಳುತ್ತದೆ. ಇಂತಹ ದಿನಚರಿಯಿಂದ ಯಾರಿಗೂ ಪ್ರಯೋಜನವಿಲ್ಲ. ಕೆಳಕಂಡ ಐದು ಪ್ರಶ್ನೆಗಳಿಗೆ ಒಂದೊಂದು ಅಥವಾ ಎರಡೆರಡು ವಾಕ್ಯಗಳಲ್ಲಿ ಉತ್ತರ ಬರೆಯುವುದು ಉಪಯುಕ್ತ.

1. ಇಂದು ಏನು ನಡೆಯಿತು? ಅಭಿಪ್ರಾಯವನ್ನಲ್ಲ, ಕಂಡದ್ದನ್ನು ಮತ್ತು ಕೇಳಿದ್ದನ್ನು ಬರೆಯಬೇಕು. ಮಗು ಹೇಳಿದ ಪದವನ್ನು ಅದು ಹೇಳಿದಂತೆಯೇ ದಾಖಲಿಸಬೇಕು.

2. ನಿರೀಕ್ಷಿಸಿದ್ದು ಏನು? ಪಾಠ ಯೋಜನೆಯಲ್ಲಿ ಬರೆದದ್ದಕ್ಕೂ ನಡೆದದ್ದಕ್ಕೂ ಇರುವ ಅಂತರವನ್ನು ಗುರುತಿಸಬೇಕು.

3. ಕಾರಣವೇನಿರಬಹುದು? ಮಗುವಿನಲ್ಲಿ ಮಾತ್ರ ಕಾರಣವನ್ನು ಹುಡುಕಬಾರದು. ಪ್ರಶ್ನೆ ಕೇಳಿದ ರೀತಿ, ಬಳಸಿದ ಪದ, ಚಿತ್ರ, ಕುಳಿತ ಜಾಗ ಇವುಗಳನ್ನೂ ಪರಿಶೀಲಿಸಬೇಕು.

4. ಯಾರನ್ನು ಕೇಳಬಹುದು? ಹಿರಿಯ ಶಿಕ್ಷಕರು, ಮಗುವಿನ ಪೋಷಕರು, ಅಡುಗೆ ಸಿಬ್ಬಂದಿ, ಕೆಲವೊಮ್ಮೆ ಮೇಲಿನ ತರಗತಿಯ ಮಕ್ಕಳು ಉತ್ತರ ನೀಡಬಲ್ಲರು.

5. ಮುಂದಿನ ಪಾಠದಲ್ಲಿ ಯಾವ ಒಂದು ಬದಲಾವಣೆ? ಒಂದೇ ಬದಲಾವಣೆಯನ್ನು ಮಾಡಿ ಫಲಿತಾಂಶವನ್ನು ನೋಡಬೇಕು. ಒಮ್ಮೆಗೇ ಹಲವು ಬದಲಾವಣೆ ಮಾಡಿದರೆ ಯಾವುದರಿಂದ ಪ್ರಯೋಜನವಾಯಿತು ಎಂಬುದು ತಿಳಿಯುವುದಿಲ್ಲ.

ಒಂದೇ ಸಮಸ್ಯೆಯು ಹಲವು ವಾರಗಳ ದಿನಚರಿಯಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡಲ್ಲಿ ಅದನ್ನು ಕ್ರಿಯಾ ಸಂಶೋಧನೆಯ ವಿಷಯವನ್ನಾಗಿ ತೆಗೆದುಕೊಳ್ಳಬಹುದು. ಮಳೆಗಾಲದಲ್ಲಿ ಗೈರುಹಾಜರಿ, ಕಳೆಯುವ ಲೆಕ್ಕದಲ್ಲಿ ದಶಕ ತರುವಾಗಿನ ತಪ್ಪು, ಒತ್ತಕ್ಷರಗಳ ಗೊಂದಲ ಮೊದಲಾದವು ಪ್ರಾಥಮಿಕ ತರಗತಿಗಳಲ್ಲಿ ಸಾಮಾನ್ಯವಾಗಿ ಎದುರಾಗುವ ವಿಷಯಗಳು. ಕ್ರಿಯಾ ಸಂಶೋಧನೆ ಎಂದರೆ ದೊಡ್ಡ ಪ್ರಬಂಧವಲ್ಲ. ಸಮಸ್ಯೆಯನ್ನು ಗುರುತಿಸಿ, ಒಂದು ಉಪಾಯವನ್ನು ನಿಗದಿತ ಅವಧಿಗೆ ಪ್ರಯೋಗಿಸಿ, ಮೊದಲಿನ ಹಾಗೂ ನಂತರದ ಸ್ಥಿತಿಯನ್ನು ಹೋಲಿಸುವುದು.

ನಲಿ-ಕಲಿ ನೀಡುವ ಪಾಠ

ಶಿಕ್ಷಕರು ತಮ್ಮ ಅನುಭವದಿಂದ ಕಲಿತದ್ದು ರಾಜ್ಯದ ತರಗತಿಗಳನ್ನೇ ಬದಲಿಸಿದ ಉದಾಹರಣೆ ಕರ್ನಾಟಕದಲ್ಲಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಪ್ರಾಥಮಿಕ ಶಾಲಾ ಶಿಕ್ಷಕರು ಆಂಧ್ರಪ್ರದೇಶದ ಋಷಿವ್ಯಾಲಿಗೆ ಭೇಟಿ ನೀಡಿ, ಅಲ್ಲಿನ ಗ್ರಾಮೀಣ ಶಾಲೆಗಳ ಬಹುವರ್ಗ ಬೋಧನಾ ಪದ್ಧತಿಯನ್ನು ನೋಡಿದರು. ಹಿಂದಿರುಗಿ ಬಂದು ಕನ್ನಡದ ಮಕ್ಕಳಿಗೆ ಹೊಂದುವ ಕಲಿಕಾ ಸಾಮಗ್ರಿಯನ್ನು ತಾವೇ ಸಿದ್ಧಪಡಿಸಿದರು. ಯುನಿಸೆಫ್ ನೆರವಿನಿಂದ ಬೆಳೆದ ಈ ಪ್ರಯೋಗವು ನಲಿ-ಕಲಿ ಎಂಬ ಹೆಸರಿನಿಂದ ಪರಿಚಿತವಾಗಿ, 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಪ್ರಾಥಮಿಕ ಶಾಲೆಗಳಿಗೆ ವಿಸ್ತರಿಸಿತು.

ನಲಿ-ಕಲಿಯಲ್ಲಿ ಕಲಿಕಾ ಏಣಿ, ಮೈಲಿಗಲ್ಲು ಹಾಗೂ ಕಾರ್ಡುಗಳಿವೆ. ಮಗು ತನ್ನ ವೇಗದಲ್ಲಿ ಏಣಿಯನ್ನು ಏರುತ್ತದೆ. ಗೈರುಹಾಜರಾದ ಮಗು ಹಿಂದಿರುಗಿದಾಗ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಭಾರಿ ಮಳೆಯ ಕಾರಣ ಜೂನ್, ಜುಲೈ ತಿಂಗಳುಗಳಲ್ಲಿ ಶಾಲೆಗಳಿಗೆ ರಜೆ ಘೋಷಣೆಯಾಗುವ ಕರಾವಳಿಗೆ ಇದು ಎಷ್ಟು ಅವಶ್ಯಕ ಎಂಬುದನ್ನು ವಿವರಿಸಬೇಕಾಗಿಲ್ಲ.

ಅಕ್ಷರಗಳ ಕ್ರಮದಲ್ಲಿಯೂ ಶಿಕ್ಷಕರ ಅನುಭವದ ಫಲ ಕಾಣುತ್ತದೆ. ವರ್ಣಮಾಲೆಯ ಕ್ರಮದಲ್ಲಿ ಅ, ಆ, ಇ, ಈ ಎಂದು ಕಲಿತ ಮಗು ಬಹುದಿನಗಳವರೆಗೆ ಒಂದು ಪೂರ್ಣ ಪದವನ್ನು ಓದಲಾರದು. ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ ಆರಂಭಿಸಿದರೆ ಸರ, ಅರಸ, ಗರಗಸ ಎಂಬ ಪದಗಳನ್ನು ಬೇಗನೆ ಓದಬಹುದು. ಅಕ್ಷರ ಕಲಿತದ್ದಕ್ಕೆ ಮಗುವಿಗೆ ಕೂಡಲೇ ದೊರೆಯುವ ಪ್ರತಿಫಲ ಅದು.

ಹೆಗ್ಗಡದೇವನಕೋಟೆಯ ಶಿಕ್ಷಕರು ನೋಡಿ ಬಂದದ್ದನ್ನು ಹಾಗೆಯೇ ನಕಲು ಮಾಡಲಿಲ್ಲ, ತಮ್ಮ ಮಕ್ಕಳಿಗೆ ತಕ್ಕಂತೆ ಮಾರ್ಪಡಿಸಿಕೊಂಡರು. ಇಂದು ಸಿದ್ಧ ಕಾರ್ಡುಗಳನ್ನು ಪಡೆಯುವ ಶಿಕ್ಷಕರೂ ಇದನ್ನೇ ಮಾಡಬೇಕಾಗಿದೆ. ಕಾರ್ಡಿನಲ್ಲಿರುವ ಚಿತ್ರವು ಕಾಪುವಿನ ಮಗುವಿಗೆ ಅಪರಿಚಿತವಾಗಿದ್ದಲ್ಲಿ, ಮಗು ಕಂಡಿರುವ ದೋಣಿ, ಬಲೆ, ಬಂಗುಡೆ, ಗುಳ್ಳ ಬದನೆಗಳನ್ನು ಅದರ ಜೊತೆಗೆ ಇಡಲು ಯಾವ ಅಡ್ಡಿಯೂ ಇಲ್ಲ.

ತರಬೇತಿ ಶಿಬಿರಗಳ ಮಿತಿ

ದೊಡ್ಡ ಸಂಖ್ಯೆಯ ಶಿಕ್ಷಕರಿಗೆ ತರಬೇತಿ ನೀಡುವಾಗ ಹಂತ ಹಂತದ ಮಾದರಿಯನ್ನು ಅನುಸರಿಸಲಾಗುತ್ತದೆ. ರಾಜ್ಯ ಮಟ್ಟದಲ್ಲಿ ತರಬೇತಾದವರು ಜಿಲ್ಲಾ ಮಟ್ಟದಲ್ಲಿ, ಅಲ್ಲಿ ತರಬೇತಾದವರು ತಾಲ್ಲೂಕು ಮಟ್ಟದಲ್ಲಿ ಇತರರಿಗೆ ತಿಳಿಸುತ್ತಾರೆ. ಕೊಡದಿಂದ ಕೊಡಕ್ಕೆ ಸುರಿದ ನೀರು ಪ್ರತಿ ಬಾರಿಯೂ ಸ್ವಲ್ಪ ಚೆಲ್ಲುವಂತೆ ಇಲ್ಲಿಯೂ ಪ್ರತಿ ಹಂತದಲ್ಲಿ ಸ್ವಲ್ಪ ಕಳೆದುಹೋಗುತ್ತದೆ. ಇದನ್ನು ಸರಿಪಡಿಸಲು ಉಪಗ್ರಹ ಹಾಗೂ ಅಂತರ್ಜಾಲ ಆಧಾರಿತ ಪ್ರಯತ್ನಗಳು ನಡೆದಿವೆ. 2004ರಲ್ಲಿ ಉಡಾವಣೆಗೊಂಡ ಎಜುಸ್ಯಾಟ್ ಉಪಗ್ರಹದ ಮೂಲಕ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಪಾಠಗಳನ್ನು ಪ್ರಸಾರ ಮಾಡಲಾಯಿತು. 2017ರಲ್ಲಿ ದೀಕ್ಷಾ ವೇದಿಕೆ, 2019ರಲ್ಲಿ ನಿಷ್ಠಾ ತರಬೇತಿ ಕಾರ್ಯಕ್ರಮ ಆರಂಭವಾದವು. ಶಿಕ್ಷಕರೇ ತಮಗೆ ಬೇಕಾದ ವಿಷಯವನ್ನು ಆರಿಸಿಕೊಳ್ಳಲು ಅವಕಾಶವಿರುವ ಗುರುಚೇತನ ಕಾರ್ಯಕ್ರಮವನ್ನು ರಾಜ್ಯದಲ್ಲಿ ರೂಪಿಸಲಾಯಿತು.

ಈ ಎಲ್ಲ ಪ್ರಯತ್ನಗಳಿಗೂ ಒಂದು ಮಿತಿ ಇದೆ. ರಾಜ್ಯಕ್ಕೆಲ್ಲ ಸಿದ್ಧಪಡಿಸಿದ ತರಬೇತಿ ಸಾಹಿತ್ಯದಲ್ಲಿ ಕಾಪುವಿನ ಹುಡುಗಿಯೊಬ್ಬಳು "ಅಪ್ಪೆ" ಎಂದು ಹೇಳಿ ಸುಮ್ಮನಾದ ಸಂಗತಿ ಇರಲು ಸಾಧ್ಯವಿಲ್ಲ. ತರಬೇತಿಯು ಮನೆಭಾಷೆಯನ್ನು ಗೌರವಿಸಬೇಕೆಂಬ ತತ್ವವನ್ನು ಹೇಳಬಲ್ಲದು. ಆ ತತ್ವವನ್ನು ಆ ಹುಡುಗಿಯವರೆಗೆ ಕೊಂಡೊಯ್ಯುವ ಕೆಲಸ ತರಗತಿಯಲ್ಲಿರುವ ಶಿಕ್ಷಕರದ್ದು. ಆದ್ದರಿಂದ ಶಿಬಿರಕ್ಕೆ ಹೋಗುವ ಮುನ್ನ ತನ್ನ ದಿನಚರಿಯಿಂದ ಒಂದು ಪ್ರಶ್ನೆಯನ್ನು ತೆಗೆದುಕೊಂಡು ಹೋಗುವುದು ಹಾಗೂ ಬಂದ ಮೇಲೆ ಒಂದು ಪಾಠದಲ್ಲಿಯಾದರೂ ಅದನ್ನು ಪ್ರಯೋಗಿಸುವುದು ಅವಶ್ಯಕ.

ನೆರವು ದೊರೆಯುವ ವ್ಯವಸ್ಥೆಗಳು

ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ: ಜಿಲ್ಲೆಯ ಶಿಕ್ಷಕರ ಸೇವಾಪೂರ್ವ ಹಾಗೂ ಸೇವಾಂತರ್ಗತ ತರಬೇತಿ, ಕ್ರಿಯಾ ಸಂಶೋಧನೆಗೆ ಮಾರ್ಗದರ್ಶನ ಹಾಗೂ ಶೈಕ್ಷಣಿಕ ಸಾಮಗ್ರಿಗಳ ತಯಾರಿಕೆ ಇದರ ಮುಖ್ಯ ಕಾರ್ಯಗಳು.

ಕ್ಷೇತ್ರ ಸಂಪನ್ಮೂಲ ಕೇಂದ್ರ: ವಲಯ ಮಟ್ಟದ ತರಬೇತಿಗಳು ಇಲ್ಲಿ ನಡೆಯುತ್ತವೆ. ಇಲ್ಲಿನ ಸಂಪನ್ಮೂಲ ವ್ಯಕ್ತಿಗಳು ಶಾಲೆಗಳಿಗೆ ಭೇಟಿ ನೀಡಿ ಶೈಕ್ಷಣಿಕ ನೆರವು ನೀಡುತ್ತಾರೆ.

ಸಮೂಹ ಸಂಪನ್ಮೂಲ ಕೇಂದ್ರ: ಹತ್ತಿರದ ಕೆಲವು ಶಾಲೆಗಳನ್ನು ಒಳಗೊಂಡ ಸಮೂಹಕ್ಕೆ ಒಬ್ಬ ಸಂಪನ್ಮೂಲ ವ್ಯಕ್ತಿ ಇರುತ್ತಾರೆ. ಸಮೂಹ ಮಟ್ಟದ ಸಮಾಲೋಚನಾ ಸಭೆಯು ಅಕ್ಕಪಕ್ಕದ ಶಾಲೆಗಳ ಶಿಕ್ಷಕರು ಮುಖಾಮುಖಿ ಸೇರುವ ಅವಕಾಶ. ಸುತ್ತೋಲೆಗಳ ಓದು ಮತ್ತು ಅಂಕಿ ಅಂಶಗಳ ಸಂಗ್ರಹಣೆಯಲ್ಲಿಯೇ ಸಭೆಯ ಸಮಯ ಮುಗಿದುಹೋಗದಂತೆ ನೋಡಿಕೊಳ್ಳುವುದು ಎಲ್ಲರ ಹೊಣೆ. ಪ್ರತಿ ಸಭೆಯಲ್ಲಿ ಒಬ್ಬ ಶಿಕ್ಷಕರು ತಮ್ಮ ತರಗತಿಯ ಒಂದು ಸಮಸ್ಯೆಯನ್ನು ಮುಂದಿಟ್ಟು ಚರ್ಚಿಸಿದರೆ, ಒಂದು ವರ್ಷದಲ್ಲಿ ಇಡೀ ಸಮೂಹಕ್ಕೆ ಉಪಯೋಗವಾಗುವ ಅನುಭವ ಸಂಗ್ರಹವಾಗುತ್ತದೆ.

ಶಾಲೆ: ಮುಖ್ಯ ಶಿಕ್ಷಕರು ಹಾಗೂ ಹಿರಿಯ ಸಹೋದ್ಯೋಗಿಗಳು ಅತ್ಯಂತ ಹತ್ತಿರದ ಮಾರ್ಗದರ್ಶಕರು. ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯರಾದ ಪೋಷಕರಿಗೆ ಊರಿನ ಭಾಷೆ, ಕಸುಬು, ಹಬ್ಬ, ಮೀನುಗಾರಿಕೆಯ ಋತು ಇವೆಲ್ಲವೂ ತಿಳಿದಿರುತ್ತವೆ. ಜೂನ್ ಮತ್ತು ಜುಲೈ ತಿಂಗಳ ಯಾಂತ್ರೀಕೃತ ಮೀನುಗಾರಿ​ಕೆಯ ನಿಷೇಧದ ಅವಧಿಯಲ್ಲಿ ಮೀನುಗಾರ ಕುಟುಂಬಗಳ ಆದಾಯ ಕಡಿಮೆಯಾಗುತ್ತದೆ ಎಂಬುದನ್ನು ತಿಳಿದ ಶಿಕ್ಷಕರು ಆ ತಿಂಗಳುಗಳಲ್ಲಿ ಮಗು ನೋಟ್ ಪುಸ್ತಕ ತರಲಿಲ್ಲವೆಂದು ಗದರಿಸಲಾರರು.

ಅರ್ಹತೆ ಹಾಗೂ ವೃತ್ತಿ ವಿಕಾಸ

ಡಿ.ಇಎಲ್.ಇಡಿ. ಪೂರೈಸಿದವರು ನೇಮಕಾತಿಗೆ ಅರ್ಹರಾಗಲು ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ಉತ್ತೀರ್ಣರಾಗಬೇಕು. ಒಂದರಿಂದ ಐದನೆಯ ತರಗತಿಗೆ ಮೊದಲ ಪತ್ರಿಕೆ, ಆರರಿಂದ ಎಂಟನೆಯ ತರಗತಿಗೆ ಎರಡನೆಯ ಪತ್ರಿಕೆ ಇದ್ದು, ಪ್ರತಿ ಪತ್ರಿಕೆಗೆ 150 ಅಂಕಗಳಿರುತ್ತವೆ. 2023ರ ಆಗಸ್ಟ್ 11ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಪ್ರಾಥಮಿಕ ಹಂತದ ಬೋಧನೆಗೆ ಬಿ.ಎಡ್. ಪದವಿಯು ಅರ್ಹತೆಯಾಗದೆಂದು ಹೇಳಿತು. ಚಿಕ್ಕ ಮಕ್ಕಳಿಗೆ ಕಲಿಸುವುದು ಪ್ರತ್ಯೇಕ ಪರಿಣತಿಯನ್ನು ಬೇಡುವ ಕೆಲಸ ಎಂಬುದು ಇದರಿಂದ ಮತ್ತೊಮ್ಮೆ ಸ್ಪಷ್ಟವಾಯಿತು. 2025ರ ಸೆಪ್ಟೆಂಬರ್ 1ರ ಇನ್ನೊಂದು ತೀರ್ಪಿನಲ್ಲಿ, ನಿವೃತ್ತಿಗೆ ಐದು ವರ್ಷಗಳಿಗಿಂತ ಹೆಚ್ಚು ಅವಧಿ ಇರುವ ಸೇವಾನಿರತ ಶಿಕ್ಷಕರೂ ಎರಡು ವರ್ಷಗಳೊಳಗೆ ಅರ್ಹತಾ ಪರೀಕ್ಷೆಯಲ್ಲಿ ಉತ್ತೀರ್ಣರಾಗಬೇಕೆಂದು ನ್ಯಾಯಾಲಯ ಆದೇಶಿಸಿತು.

ಪರೀಕ್ಷೆಯು ಶಿಕ್ಷಕರ ವಿಷಯ ಜ್ಞಾನವನ್ನು ಅಳೆಯುತ್ತದೆ. ತರಗತಿಯಲ್ಲಿ ಮಗು ಸುಮ್ಮನಾದಾಗ ಅದನ್ನು ಗಮನಿಸುವ ಗುಣವನ್ನು ಯಾವ ಪ್ರಶ್ನೆಪತ್ರಿಕೆಯೂ ಅಳೆಯಲಾರದು. ಇವೆರಡೂ ಒಂದಕ್ಕೊಂದು ಬದಲಿಯಲ್ಲ ಎಂಬುದನ್ನು ಪ್ರಶಿಕ್ಷಣಾರ್ಥಿಗಳು ಮನಗಾಣಬೇಕು.

ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಪರಸ್ಪರ ಪಾಠ ವೀಕ್ಷಣೆ ಸಾಧ್ಯವೇ?
ಉತ್ತರ: ಪೂರ್ಣ ಅವಧಿಯ ವೀಕ್ಷಣೆ ಕಷ್ಟ. ಮಕ್ಕಳು ಗುಂಪು ಚಟುವಟಿಕೆಯಲ್ಲಿರುವಾಗ ಹತ್ತು ನಿಮಿಷಗಳ ವೀಕ್ಷಣೆ ಮಾಡಬಹುದು. ವೀಕ್ಷಿಸುವವರು ಶಿಕ್ಷಕರನ್ನು ನೋಡುವುದಕ್ಕಿಂತ ಒಂದು ಮಗುವನ್ನು ಗಮನಿಸಿ ಕಂಡದ್ದನ್ನು ತಿಳಿಸಿದರೆ ಹೆಚ್ಚು ಪ್ರಯೋಜನ.

ಪ್ರಶ್ನೆ: ತಪ್ಪುಗಳನ್ನು ದಿನಚರಿಯಲ್ಲಿ ಬರೆದರೆ ಆಂತರಿಕ ಅಂಕಗಳು ಕಡಿಮೆಯಾಗುವುದಿಲ್ಲವೇ?
ಉತ್ತರ: ಈ ಭಯ ಸಹಜ. ಆದರೆ ತಪ್ಪನ್ನು ಗುರುತಿಸಿ, ಕಾರಣವನ್ನು ಹುಡುಕಿ, ಪಾಠವನ್ನು ಬದಲಿಸಿದ ದಾಖಲೆಯು ಅನುಚಿಂತನೆಯ ಉತ್ತಮ ಲಕ್ಷಣ. ಮಾರ್ಗದರ್ಶಕ ಶಿಕ್ಷಕರೂ ಅದನ್ನು ಆ ದೃಷ್ಟಿಯಿಂದಲೇ ನೋಡಬೇಕಾಗುತ್ತದೆ.

ಪ್ರಶ್ನೆ: ಮನೆಮಾತಿಗೆ ಅವಕಾಶ ನೀಡಿದರೆ ಮಗು ಕನ್ನಡ ಕಲಿಯುವುದು ತಡವಾಗುವುದಿಲ್ಲವೇ?
ಉತ್ತರ: ಮನೆಮಾತಿನಲ್ಲಿ ತಿಳಿದಿರುವ ವಸ್ತುವಿಗೆ ಕನ್ನಡದ ಹೆಸರನ್ನು ಕಲಿಯುವುದು ಮಗುವಿಗೆ ಸುಲಭ. ಮನೆಮಾತು ಕನ್ನಡಕ್ಕೆ ಏರುವ ಮೆಟ್ಟಿಲು. ಮೆಟ್ಟಿಲಿನ ಮೇಲೆಯೇ ನಿಲ್ಲದೆ ಮೇಲೆ ಕರೆದೊಯ್ಯುವುದು ಶಿಕ್ಷಕರ ಕೆಲಸ.

ಪ್ರಶ್ನೆ: ನೇಮಕಾತಿಗೆ ಕಾಯುತ್ತಿರುವ ಅವಧಿಯಲ್ಲಿ ಏನು ಮಾಡಬಹುದು?
ಉತ್ತರ: ತರಬೇತಿಯ ದಿನಚರಿಗಳನ್ನು ಮತ್ತೆ ಓದುವುದು, ಮಕ್ಕಳ ಸಾಹಿತ್ಯವನ್ನು ಓದುವುದು, ದೀಕ್ಷಾ ವೇದಿಕೆಯ ಸಾಮಗ್ರಿಯನ್ನು ಬಳಸುವುದು, ನೆರೆಯ ಮಕ್ಕಳಿಗೆ ಓದಿಸುವುದು ಇವೆಲ್ಲವೂ ವೃತ್ತಿ ವಿಕಾಸವೇ.

ಉಪಸಂಹಾರ

ಕರಾವಳಿಯ ಶಿಕ್ಷಣಕ್ಕೆ ಒಂದು ಒಳ್ಳೆಯ ಪರಂಪರೆ ಇದೆ. ಬಂಟ್ವಾಳದಲ್ಲಿ ಜನಿಸಿದ ಪಂಜೆ ಮಂಗೇಶರಾಯರು (1874-1937) ಅಧ್ಯಾಪಕರಾಗಿ, ಶಾಲಾ ತನಿಖಾಧಿಕಾರಿಯಾಗಿ ದುಡಿದರು. ಮಕ್ಕಳಿಗಾಗಿ ಕಥೆ, ಪದ್ಯಗಳನ್ನು ಬರೆದು ಕನ್ನಡ ಶಿಶುಸಾಹಿತ್ಯಕ್ಕೆ ಹೊಸ ದಾರಿಯನ್ನು ತೋರಿದರು. ಅಧಿಕಾರಿಯಾದ ಮೇಲೆಯೂ ಮಕ್ಕಳ ಮಾತಿಗೆ ಕಿವಿಗೊಟ್ಟವರಿಗೆ ಮಾತ್ರ ಅಂತಹ ಬರವಣಿಗೆ ಸಾಧ್ಯ.

ಇಂದಿನ ಪ್ರಶಿಕ್ಷಣಾರ್ಥಿಯು ಸೇವೆಗೆ ಸೇರಿ ಹತ್ತು ವರ್ಷಗಳಾದ ಮೇಲೆ ಆತನ ಅಥವಾ ಆಕೆಯ ಬಳಿ ಹಲವು ತರಬೇತಿಗಳ ಪ್ರಮಾಣ ಪತ್ರಗಳಿರುತ್ತವೆ. ಅವುಗಳ ಜೊತೆಗೆ ಹತ್ತು ದಿನಚರಿ ಪುಸ್ತಕಗಳೂ ಇದ್ದಲ್ಲಿ, ಅವುಗಳಲ್ಲಿ ಸುಮ್ಮನಾದ ಮಕ್ಕಳ ಹೆಸರುಗಳೂ ಅವರು ಮತ್ತೆ ಮಾತನಾಡಿದ ದಿನಗಳೂ ದಾಖಲಾಗಿದ್ದಲ್ಲಿ, ನಿರಂತರ ವೃತ್ತಿ ವಿಕಾಸದ ಉದ್ದೇಶವು ಈಡೇರಿದೆ ಎಂದು ಹೇಳಬಹುದು.

ತರಬೇತಿಗಳು, ಸಮಾಲೋಚನಾ ಸಭೆಗಳು ಹಾಗೂ ಕ್ರಿಯಾ ಸಂಶೋಧನೆಯ ಬಗ್ಗೆ ಹೆಚ್ಚಿನ ಮಾಹಿತಿಗಾಗಿ ಆಯಾ ಸಮೂಹ ಸಂಪನ್ಮೂಲ ಕೇಂದ್ರ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಛೇರಿ ಅಥವಾ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯನ್ನು ಸಂಪರ್ಕಿಸಬಹುದು.